ಹೊತ್ತವರಿಲ್ಲದ ದೋಣಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಊರವರಿಗೆ ಹೇಳಬೇಕು. ನನ್ನ ತೊಂದರೆ ಏನೆಂದರೆ, ನಾನು ಕಂಡದ್ದರಲ್ಲಿ ಅರ್ಧಕ್ಕರ್ಧ ಅಲ್ಲಿ ಇರಲೇ ಇಲ್ಲ. ಉಳಿದರ್ಧವನ್ನಾದರೂ ಸರಿಯಾಗಿ ಕಂಡೆನೆಂದು ಆಣೆ ಹಾಕುವ ಧೈರ್ಯ ಈಗ ನನಗಿಲ್ಲ. ಆದರೂ ಶಿರಾಲಿಯಲ್ಲಿ ಸಿಕ್ಕವರೆಲ್ಲ "ಅಕ್ಕೋರೇ, ಒಮಾನಲ್ಲಿ ಎಂತ ಕಂಡ್ರಿ?" ಎಂದು ಕೇಳುವುದನ್ನು ಬಿಡುತ್ತಿಲ್ಲ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ಹೊರಡುವ ಮೊದಲು, ಶಿರಾಲಿಯಲ್ಲಿ

ನಾನು ಶಾಲೆಯಲ್ಲಿ ಕಲಿಸುವವಳು, ಊರವರಿಗೆಲ್ಲ ಅಕ್ಕೋರು. ನಮ್ಮನೆಯವರು ಬಸ್ ಡ್ರೈವರಾಗಿದ್ದವರು. ಕುಮಟೆ, ಹೊನ್ನಾವರ, ಭಟ್ಕಳ; ತಿರುಗಿ ಭಟ್ಕಳ, ಹೊನ್ನಾವರ, ಕುಮಟೆ. ಹೆದ್ದಾರಿಯ ಒಂದೊಂದು ಹೊಂಡವನ್ನೂ ನೆಂಟರ ಹಾಗೆ ಗುರುತು ಹಿಡಿಯುತ್ತಿದ್ದರು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಗೆ, ಮೊದಲ ಮಳೆ ಬಿದ್ದ ಒಂದು ಸಂಜೆ ಹೊನ್ನಾವರ ದಾಟಿ ಭಟ್ಕಳದ ಕಡೆ ಬರುವಾಗ ಒಂದು ಏರಿನಲ್ಲಿ ಅವರು ಗಕ್ಕನೆ ಬ್ರೇಕ್ ಹಾಕಿದರು. ಒದ್ದೆ ರಸ್ತೆಯಲ್ಲಿ ಬಸ್ಸು ಜಾರಿ ಚರಂಡಿಗೆ ವಾಲಿ ನಿಂತಿತು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಕೆಲವರ ಹಣೆ ಬಾತುಕೊಂಡಿತು, ಒಬ್ಬಾಕೆಯ ಮೀನಿನ ಬುಟ್ಟಿ ಬಸ್ಸಿನ ತುಂಬ ಚೆಲ್ಲಿತು. ಬ್ರೇಕ್ ಯಾಕೆ ಹಾಕಿದಿರಿ ಎಂದು ಕೇಳಿದರೆ ಇವರು, "ರಸ್ತೆಯಲ್ಲಿ ದೋಣಿ ದಾಟ್ತಾ ಇತ್ತು" ಎಂದರು.

ಹೊರಗಿನವರಿಗೆ ಇದು ಹುಚ್ಚು ಮಾತು ಅನ್ನಿಸಬಹುದು. ನಮ್ಮ ಕಡೆ ಹಾಗಲ್ಲ. ಮಳೆಗಾಲಕ್ಕೆ ಮೊದಲು ಮೀನುಗಾರರು ದೋಣಿಗಳನ್ನು ಹೆಗಲ ಮೇಲೆ ಹೊತ್ತು, ಹೆದ್ದಾರಿ ದಾಟಿಸಿ, ಈಚೆಯ ಕೇರಿಯ ಅಂಗಳಕ್ಕೆ ತಂದಿಡುತ್ತಾರೆ. ದೋಣಿ ರಸ್ತೆಗೆ ಬಂತೆಂದರೆ ಬಸ್ಸು, ಲಾರಿ ಎಲ್ಲ ನಿಲ್ಲಬೇಕು, ಹಾರ್ನ್ ಹಾಕುವಂತಿಲ್ಲ. ಇಳಿದುಹೋಗಿ ತಾನೂ ಹೆಗಲು ಕೊಡುವ ಕಂಡಕ್ಟರನ್ನು ನಾನೇ ನೋಡಿದ್ದೇನೆ. ಹಾಗಾಗಿ ದೋಣಿ ಕಂಡು ಬ್ರೇಕ್ ಹಾಕಿದ್ದು ತಪ್ಪಲ್ಲ. ಆದರೆ ಆ ಸಂಜೆ ಅಲ್ಲಿ ದೋಣಿಯೂ ಇರಲಿಲ್ಲ, ಹೊತ್ತವರೂ ಇರಲಿಲ್ಲ. ಮಾರನೆಯ ದಿನ ನಾವಿಬ್ಬರೂ ಹೋಗಿ ಆ ಏರನ್ನು ನಡೆದು ಹತ್ತಿ ಇಳಿದು ನೋಡಿದೆವು. ಖಾಲಿ ರಸ್ತೆ, ಆಚೆ ಬಲಕ್ಕೆ ದೂರದಲ್ಲಿ ಹೊಳೆ, ಅಷ್ಟೆ.

ವಿಚಾರಣೆಯಲ್ಲಿ ಸಾಹೇಬರು, "ದೋಣಿ ಎಷ್ಟು ಜನ ಹೊತ್ತಿದ್ರು?" ಎಂದು ಕೇಳಿದರಂತೆ. ನಮ್ಮನೆಯವರಿಗೆ ಸುಳ್ಳು ಹೊಳೆಯುವುದೇ ಇಲ್ಲ. "ಹೊತ್ತವರು ಕಾಣ್ಲಿಲ್ಲ ಸಾರ್, ದೋಣಿ ಮಾತ್ರ ಕಂಡದ್ದು" ಎಂದುಬಿಟ್ಟರು. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ವಾರ ಕಳೆಯುವುದರೊಳಗೆ ಕುಮಟೆಯಿಂದ ಭಟ್ಕಳದವರೆಗೆ ಅವರಿಗೆ "ದೋಣಿ ಡ್ರೈವರ್" ಎಂಬ ಹೆಸರು ಬಿತ್ತು. ಆ ದಿನ ಅದೇ ಬಸ್ಸಿನ ಹೆಂಗಸರ ಸೀಟಿನಲ್ಲಿ ನಾನೂ ಇದ್ದೆ. ನನ್ನನ್ನೂ ಕೇಳಿದರು. ದೋಣಿ ಕಾಣಲಿಲ್ಲ ಎಂದೆ. ಕಾಣದ್ದನ್ನು ಕಂಡೆ ಎನ್ನುವ ಅಭ್ಯಾಸ ನನಗಿಲ್ಲ, ಗಂಡನಾದರೂ ಅಷ್ಟೆ.

ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಅದರಿಂದ ಇವರ ಹೆದರಿಕೆ ಇನ್ನೂ ಹೆಚ್ಚಿತು. ಕಣ್ಣು ಸರಿಯಿದ್ದರೆ ಕೆಟ್ಟದ್ದು ತಲೆಯೇ ಇರಬೇಕಲ್ಲ! ಸ್ಟಿಯರಿಂಗ್ ಬಿಟ್ಟು ಡಿಪೋದೊಳಗಿನ ಕೆಲಸ ಕೇಳಿಕೊಂಡರು, ಆಮೇಲೆ ಅದನ್ನೂ ಬಿಟ್ಟು ಮನೆಯಲ್ಲಿ ಕೂತರು. ಬಸ್ಸು ಹತ್ತಿದರೆ ಹಿಂದಿನ ಸೀಟು, ತಲೆ ತಗ್ಗಿಸಿ. ರಸ್ತೆ ದಾಟುವಾಗ ಮಗುವಿನ ಹಾಗೆ ನನ್ನನ್ನು ಕೇಳುವುದು: "ಅಲ್ಲಿ ದನ ನಿಂತದೆ, ಅಲ್ದಾ?" ದನ ಕೊಂಬು ಅಲ್ಲಾಡಿಸುತ್ತ ಎದುರಿಗೇ ನಿಂತಿರುತ್ತಿತ್ತು. ನನಗೆ ಪಾಪ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಒಮಾನಿನಲ್ಲಿ ಕಂಪನಿ ಬಸ್ಸು ಓಡಿಸುವ ನನ್ನ ತಮ್ಮ ಮಂಜು, "ರಜೆಯಲ್ಲಿ ಭಾವನ್ನ ಕರ್ಕಂಡು ಬಾ ಅಕ್ಕ, ಜಾಗ ಬದಲಾದ್ರೆ ಮನಸ್ಸೂ ಬದಲಾಗ್ತದೆ" ಎಂದು ಫೋನ್ ಮಾಡಿದ. ಇವರನ್ನು ಎಳೆದುಕೊಂಡೇ ಹೊರಟೆ.

ಮಸ್ಕತ್ ದಾಟಿ

ವಿಮಾನ, ಪಾಸ್‌ಪೋರ್ಟಿನ ಪುರಾಣ ಬೇಡ. ಮಂಜು ಗೆಳೆಯನ ಕಾರು ತಂದಿದ್ದ, ಹೋಗಬೇಕಾದದ್ದು ದಕ್ಷಿಣದ ತುದಿಯ ಸಲಾಲಾಕ್ಕೆ. ಮುಂದಿನ ಸೀಟು ಭಾವನಿಗೇ ಎಂದು ಹಟ ಹಿಡಿದ. ಇವರು ಹಿಂದೆ ಕೂರುತ್ತೇನೆ ಎಂದರೆ ಅವನು ಕೇಳಲಿಲ್ಲ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಡಿ ಹೋಗುವುದು ರಸ್ತೆಯ ಬಲಕ್ಕೆ. ನಾನು ಮೊದಲ ದಿನವೇ ಮಂಜುವಿನ ಬಾಗಿಲು ತೆಗೆದು ಅವನ ಮಡಿಲಲ್ಲಿ ಕೂರುವುದೊಂದು ಬಾಕಿ. ಎದುರಿನಿಂದ ಬರುವ ಪ್ರತಿ ಲಾರಿಯೂ ನಮ್ಮ ಮೇಲೆಯೇ ಬರುವಂತೆ ಕಂಡು, ಮಸ್ಕತ್ತಿನಾಚೆಯ ಬೆಟ್ಟ ಮುಗಿಯುವವರೆಗೂ ನನ್ನ ಬಾಯಲ್ಲಿ ದೇವರ ನಾಮ ಬಿಟ್ಟು ಬೇರೆ ಬರಲಿಲ್ಲ. ಇವರ ಬಲಗಾಲಂತೂ ಸುಮ್ಮನಿರಲಿಲ್ಲ. ಮಂಜು ವೇಗ ಹೆಚ್ಚಿಸಿದಾಗಲೆಲ್ಲ ಅದು ನೆಲದ ಮ್ಯಾಟನ್ನು ಒತ್ತುತ್ತಿತ್ತು.

ಬೆಟ್ಟ ಮುಗಿದ ಮೇಲೆ ಬಯಲು. ಬಯಲೆಂದರೆ ನಮ್ಮ ಗದ್ದೆ ಬಯಲಲ್ಲ. ಮರವಿಲ್ಲ, ಮನೆಯಿಲ್ಲ, ರಸ್ತೆಗೆ ತಿರುವು ಕೂಡ ಇಲ್ಲ. ತಿರುವಿಲ್ಲದ ರಸ್ತೆಯನ್ನು ನಾನು ಕಂಡದ್ದು ಅದೇ ಮೊದಲು. ನಮ್ಮಲ್ಲಿ ಹೊನ್ನಾವರಕ್ಕೆ ಹೋಗಿ ಬರುವುದರೊಳಗೆ ಹೊಟ್ಟೆ ತೊಳೆಸಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮುಂದೆ ರಸ್ತೆಯ ತುಂಬ ನೀರು ನಿಂತಿರುವುದು ಕಂಡಿತು.

"ಮಂಜು, ನಿಧಾನ! ನೀರು ಬಂದದೆ!" ಎಂದು ಕೂಗಿ, ನಾನು ಸೀರೆ ಎತ್ತಿಕೊಂಡು ಕಾಲನ್ನು ಸೀಟಿನ ಮೇಲಿಟ್ಟುಕೊಂಡೆ. ಮಳೆಗಾಲದಲ್ಲಿ ನಮ್ಮ ಬಸ್ಸುಗಳೊಳಗೆ ನೀರು ಬರುವುದು ಹೊಸದಲ್ಲ, ಆ ಅಭ್ಯಾಸ.

ಮಂಜು ನಕ್ಕ. "ಅದು ಬಿಸಿಲು ಅಕ್ಕ. ನೀರಲ್ಲ."

ನೀರು ನಮ್ಮ ಮುಂದೆ ಮುಂದೆಯೇ ಸರಿಯುತ್ತ ಹೋಯಿತು. ಎದುರಿನ ಲಾರಿಯ ನೆರಳು ಅದರಲ್ಲಿ ತಲೆಕೆಳಗಾಗಿ ಬಿದ್ದದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಬಿಸಿಲಿನಲ್ಲಿ ಮರೀಚಿಕೆ ಕಾಣುತ್ತದೆ ಎಂದು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದವಳು, ಆದರೂ ಕಾಲು ಕೆಳಗಿಡಲು ಮನಸ್ಸಾಗಲಿಲ್ಲ.

ಇವರು ಮೆಲ್ಲನೆ ಕೇಳಿದರು. "ನಿಂಗೂ ಕಾಣ್ತಾ?"

"ಕಾಣ್ದೆ ಎಂತ? ಕೆರೆ ಹಾಂಗೆ ಕಾಣ್ತದೆ."

"ಮಂಜು, ನಿಂಗೆ?"

"ನಂಗೂ ಕಾಣ್ತದೆ ಭಾವ. ದಿನಾ ಕಾಣ್ತದೆ."

ಇವರು ಸೀಟಿಗೆ ಒರಗಿ ಕೂತರು. ಮುಂದೆ ಬಲಬದಿಯಲ್ಲಿ ಒಂಟೆಗಳು ಕಂಡವು. ಬೆನ್ನು ಇತ್ತು, ಕುತ್ತಿಗೆ ಇತ್ತು, ಕಾಲುಗಳು ಇರಲಿಲ್ಲ. ಒಂಟೆಗಳು ಗಾಳಿಯಲ್ಲಿ ತೇಲುತ್ತ ಹೋಗುತ್ತಿದ್ದವು. ಇವರ ಕಾಲು ಮ್ಯಾಟನ್ನು ಜೋರಾಗಿ ಒತ್ತಿತು. "ಒಂಟೆ ನಿಜಕ್ಕೂ ಇದ್ಯಾ?" ಎಂದರು. ಇದೆ ಎಂದು ಮಂಜು ಹೇಳಿದ. ಹತ್ತಿರ ಹೋದಾಗ ಒಂದೊಂದಕ್ಕೂ ಮೊಣಕಾಲಿನವರೆಗೆ, ಆಮೇಲೆ ಪಾದದವರೆಗೆ ಕಾಲು ಬಂತು. ನೀರು ಇತ್ತೆಂದು ಕಂಡರೆ ಇಲ್ಲ, ಕಾಲಿಲ್ಲವೆಂದು ಕಂಡರೆ ಇದೆ.

ಹೈಮಾ

ಮರಳುಗಾಡಿನ ನಡುವೆ ಹೈಮಾ ಎಂಬ ಊರು. ಊರೆಂದರೆ ಪೆಟ್ರೋಲ್ ಬಂಕು, ನಾಲ್ಕು ಅಂಗಡಿ. ಟೀ ಅಂಗಡಿಯ ಕೌಂಟರಿನಲ್ಲಿದ್ದವರು ನಮ್ಮ ಮಾತು ಕೇಳಿ ಎದ್ದೇ ನಿಂತರು.

"ಅರೆ, ನಮ್ಮೂರ ಭಾಷೆ! ಯಾವೂರು ನೀವು? ನಾವು ಭಟ್ಕಳ."

ಶಿರಾಲಿ ಎಂದೆ. ಅವರ ಸಂತೋಷ ಹೇಳತೀರದು. ಟೀ ಜೊತೆಗೆ ಮನೆಯಿಂದ ತಂದ ತಿಂಡಿಯ ಡಬ್ಬಿ ತೆಗೆದಿಟ್ಟರು, ಮಳೆ ಬಂತಾ, ಬಂಗಡೆ ಮೀನು ಸಿಗ್ತದಾ ಎಂದೆಲ್ಲ ಕೇಳಿದರು. ಊರಲ್ಲಿದ್ದಿದ್ದರೆ ಅವರ ಮನೆ, ನಮ್ಮ ಮನೆ ಬೇರೆ ಬೇರೆ ಬಸ್‌ಸ್ಟಾಪು. ಅಲ್ಲಿ ಒಂದೇ ಅಂಗಳದವರ ಹಾಗಾಯಿತು. ರಸ್ತೆಯ ನೀರಿನ ವಿಷಯ ನಾನೇ ಎತ್ತಿದೆ.

"ಶುರುವಿಗೆ ಎಲ್ರೂ ಹೆದರ್ತಾರೆ ಅಕ್ಕ" ಎಂದು ಅವರು ನಕ್ಕರು. ಆಮೇಲೆ ಏನೋ ನೆನಪಾದವರಂತೆ, "ಶಿರಾಲಿ ಅಂದ್ರಿ ಅಲ್ವಾ? ಆ ದೋಣಿ ಡ್ರೈವರ್ ನಿಮ್ಮ ಕಡೆಯವನೇ ಅಂತೆ! ರಸ್ತೆ ಮೇಲೆ ದೋಣಿ ನೋಡಿ ಬಸ್ಸನ್ನ ಚರಂಡಿಗೆ ಇಳಿಸಿದವ. ನಮ್ಮ ತಮ್ಮ ಫೋನಲ್ಲಿ ಹೇಳಿ ಹೇಳಿ ನಗ್ತಿದ್ದ" ಎಂದರು.

ಮಂಜುವಿನ ಗ್ಲಾಸು ಅರ್ಧದಲ್ಲೇ ನಿಂತಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ಇವರೇ ಹೇಳಿದರು:

"ಹೌದು. ನಮ್ಮ ಕಡೆಯವನೇ. ಈಗ ಬಸ್ಸು ಬಿಟ್ಟಿದ್ದಾನೆ."

"ಪಾಪ. ಇಲ್ಲಿಗೆ ಬಂದಿದ್ರೆ ದಿನಾ ಸಮುದ್ರವೇ ಕಾಣ್ತಿತ್ತು ಅವ್ನಿಗೆ."

"ಹೌದು" ಎಂದು ಇವರು ನಗಲು ನೋಡಿದರು. ಟೀಗೆ ದುಡ್ಡು ಬೇಡವೇ ಬೇಡ ಎಂದು ಆ ಮನುಷ್ಯ ಇವರ ಎರಡೂ ಕೈ ಹಿಡಿದುಕೊಂಡರು. ಅಷ್ಟು ಒಳ್ಳೆಯವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಸಮುದ್ರ ದಾಟಿ ಬಂದರೂ ಆ ಹೆಸರು ನಮಗಿಂತ ಮೊದಲೇ ಬಂದು ಕೂತಿತ್ತು. ನನಗೆ ಅಳು ಬಂತು, ಹೊರಗೆ ಬಂದೆ.

ಸಿಟ್ಟಿನಲ್ಲಿ ಹೆಜ್ಜೆ ಹಾಕಿದ್ದಕ್ಕೋ ಏನೋ ಚಪ್ಪಲಿಯ ಉಂಗುಷ್ಠ ಕಿತ್ತಿತು. ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಳೆಯಲ್ಲಿದ್ದ ಪಿನ್ನು ಚುಚ್ಚುತ್ತಿದ್ದೆ. ತಲೆ ಎತ್ತಿದರೆ ಅನತಿ ದೂರದಲ್ಲಿ ರಸ್ತೆಯ ಮೇಲೆ ಫಳಫಳ ನೀರು.

"ಹೋಯ್, ಇಲ್ಲೂ ನೀರು!" ಎಂದೆ.

ಹಿಂದೆ ಬಂದು ನಿಂತಿದ್ದ ಇವರು, "ಎಲ್ಲಿ? ನಂಗೆ ಕಾಣ್ತಿಲ್ಲ" ಎಂದರು.

ಎದ್ದು ನೋಡಿದೆ. ಇಲ್ಲ. ಕೂತೆ. ಇದೆ. ಎದ್ದೆ, ಹೋಯಿತು. ಇವರನ್ನೂ ಕೂರಿಸಿದೆ. ನಾವಿಬ್ಬರೂ ಪರದೇಶದ ಹೆದ್ದಾರಿಯ ಬದಿ ಬಸ್ಕಿ ಹೊಡೆಯುವುದನ್ನು ಕಂಡು ಒಬ್ಬ ಲಾರಿಯವನು ಹಾರ್ನ್ ಹಾಕಿ ಹೋದ. ನನಗೆ ಮಾತ್ರ ಏನೋ ಸಿಕ್ಕಿದ ಹಾಗಾಯಿತು. ಒಂದೇ ರಸ್ತೆ, ಕೂತವರಿಗೆ ಒಂದು, ನಿಂತವರಿಗೆ ಇನ್ನೊಂದು! ಇದನ್ನು ಉತ್ಸಾಹದಿಂದ ಹೇಳಿಯೂಬಿಟ್ಟೆ.

ಇವರು ಯೋಚಿಸಿದರು. "ಇಲ್ಲಿ ತಗ್ಗಿದವರಿಗೆ ಕಾಣ್ತದೆ, ಎತ್ತರದವರಿಗೆ ಇಲ್ಲ. ನಾನು ಡ್ರೈವರ್ ಸೀಟಲ್ಲಿದ್ದೆ, ನಿಮ್ಮೆಲ್ಲರಿಗಿಂತ ಎತ್ತರದಲ್ಲಿ. ಕಾಣೂದಾದ್ರೆ ನಿಮಗೆ ಕಾಣ್ಬೇಕಿತ್ತು. ಮತ್ತೆ ಆವತ್ತು ಬಿಸಿಲೂ ಇರ್ಲಿಲ್ಲ, ಮಳೆ."

ನನ್ನ ಲೆಕ್ಕ ತಿರುಗಿ ಅವರಿಗೇ ಹೊಡೆಯಿತು. ಒಳ್ಳೆಯದು ಮಾಡಲು ಹೋಗಿ ಅವರ ಮುಖ ಇನ್ನಷ್ಟು ಸಣ್ಣದು ಮಾಡಿದೆ.

ಮಿರ್ಬಾತ್ ರಸ್ತೆ

ಸಲಾಲಾದಲ್ಲಿ ನನಗೆ ಇನ್ನೊಂದು ಗೊಂದಲ. ಅಷ್ಟು ಮರಳು ದಾಟಿ ಬಂದರೆ ತೆಂಗಿನ ಮರ, ಬಾಳೆ, ರಸ್ತೆ ಬದಿ ಎಳನೀರು ಕೊಚ್ಚುವ ಅಂಗಡಿ! ಇದನ್ನಂತೂ ನಾನು ನಂಬುವುದಿಲ್ಲ ಎಂದು ಮಂಜುವಿಗೆ ಹೇಳಿದೆ. ಅವನು ಗಾಡಿ ನಿಲ್ಲಿಸಿ ಎಳನೀರು ಕುಡಿಸಿದ ಮೇಲೆಯೇ ನಂಬಿದ್ದು. ರುಚಿ ನಮ್ಮದಕ್ಕಿಂತ ಸ್ವಲ್ಪ ಸಪ್ಪೆ. ಊರಾಭಿಮಾನವೂ ಇರಬಹುದು.

ಮರುದಿನ ಮಂಜು ಮಿರ್ಬಾತ್ ಎಂಬ ಊರಿನ ಕಡೆ ಕರೆದುಕೊಂಡು ಹೋಗಿ ಬೆಟ್ಟದ ಬುಡದ ಒಂದು ರಸ್ತೆಯಲ್ಲಿ ಕಾರು ನಿಲ್ಲಿಸಿದ. ಎದುರಿಗೆ ಏರು, ಸಂಶಯವೇ ಇಲ್ಲ. ಅವನು ಗೇರು ತೆಗೆದು, ಬ್ರೇಕಿನಿಂದ ಕಾಲೆತ್ತಿ, "ಈಗ ನೋಡಿ" ಎಂದ. ಕಾರು ತಾನಾಗಿಯೇ ಏರು ಹತ್ತತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

"ಅಯ್ಯೋ, ನಿಲ್ಲಸೋ ಮಾರಾಯಾ!" ಎಂದು ಚೀರಿದೆ. ಹಿಂದಿನಿಂದ ಯಾರೋ ನೂಕುತ್ತಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇಲ್ಲ.

"ನೆಲದೊಳಗೆ ಅಯಸ್ಕಾಂತ ಇದೆ ಅಂತಾರೆ" ಎಂದ ಮಂಜು. ಇವರು ಇಳಿದು ರಸ್ತೆಗೆ ಬಾಟಲಿಯ ನೀರು ಹೊಯ್ದರು. ನೀರು ಮೇಲ್ಮುಖವಾಗಿ ಹರಿಯಿತು. ನೀರಿಗೂ ಅಯಸ್ಕಾಂತವೇ? ನೀರು ತಗ್ಗಿಗೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದ ಈ ಕೈಯನ್ನು ಎಲ್ಲಿ ಅಡಗಿಸಿಡಲಿ? ಇವರು ಮತ್ತೆ ಕಾರು ಹತ್ತಿ, ಇನ್ನೊಮ್ಮೆ ಬಿಡು ಎಂದು ಹೇಳಿ, ಕಣ್ಣು ಮುಚ್ಚಿ ಕೂತರು.

"ಇಳೀತಾ ಇದ್ದೇವೆ" ಎಂದರು. ಕಣ್ಣು ಬಿಟ್ಟರು. "ಹತ್ತತಾ ಇದ್ದೇವೆ." ಮತ್ತೆ ಮುಚ್ಚಿದರು. "ಇಳೀತಾ." ನಾನೂ ಮುಚ್ಚಿ ನೋಡಿದೆ. ಬೆನ್ನು ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಸುತ್ತಲಿನ ಬೆಟ್ಟಗಳ ವಾರೆಯಿಂದ ಇಳುಕಲೇ ಏರಾಗಿ ಕಾಣುತ್ತಿತ್ತೋ ಏನೋ, ಯಾವುದನ್ನು ನಂಬಬೇಕೆಂದು ನನಗಂತೂ ಬಗೆಹರಿಯಲಿಲ್ಲ.

"ನಿಂಗೂ ಏರೇ ಕಾಣ್ತಾ?" ಎಂದು ಇವರು ಕೇಳಿದರು.

"ಏರೇ."

"ಮಂಜುಗೂ?"

"ಏರೇ ಭಾವ."

ಇವರು ನಕ್ಕರು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. ನನಗೂ ನಗು ಬಂತು. ಆದರೆ ನಗು ಮುಗಿದ ಮೇಲೆ ಅವರು ಹೇಳಿದ ಮಾತು ಈಗಲೂ ಚುಚ್ಚುತ್ತದೆ. "ನೋಡು, ಮೂರು ಜನ ಒಟ್ಟಿಗೆ ಮೋಸ ಹೋದ್ರೆ ರಸ್ತೆಯ ಮಹಿಮೆ ಅಂತಾರೆ, ದೂರದಿಂದ ನೋಡೂಕೆ ಬರ್ತಾರೆ. ಒಬ್ಬನೇ ಹೋದ್ರೆ ಅವ್ನ ತಲೆ ಕೆಟ್ಟದೆ ಅಂತಾರೆ."

ನನಗೆ ದೋಣಿ ಕಂಡಿರಲಿಲ್ಲ, ಅದು ನಿಜ. ಅವರ ಬೆನ್ನ ಮೇಲೆ ಕೈಯಿಟ್ಟೆ.

ಕುಮಟೆಯಿಂದ ಶಿರಾಲಿಗೆ

ತಿರುಗಿ ಬರುವಾಗ ಗೋವಾದಲ್ಲಿ ಹತ್ತಿದ ರೈಲು ಭಟ್ಕಳದಲ್ಲಿ ನಿಲ್ಲುವುದಿಲ್ಲ ಎಂದು ಹತ್ತಿದ ಮೇಲೆ ತಿಳಿಯಿತು. ಕುಮಟೆಯಲ್ಲಿ ಇಳಿದು ಸಾಮಾನು ಹೊತ್ತುಕೊಂಡು ಬಸ್ಸು ಹಿಡಿದೆವು. ಆಗಷ್ಟೆ ಒಂದು ಮಳೆ ಹೊಯ್ದು ನಿಂತಿತ್ತು. ಎಡಬದಿಯಲ್ಲಿ ಹೋಗುವ ಬಸ್ಸು ನನಗೆ ತಪ್ಪು ದಿಕ್ಕಿನಲ್ಲಿ ಹೋಗುವಂತೆ ಕಂಡಿತು. ಬಸ್ಸು ಕಿಕ್ಕಿರಿದಿತ್ತು. ಇವರು ಎಂದಿನಂತೆ ಹಿಂದೆ ನುಸುಳಿಕೊಂಡರು. ನನ್ನನ್ನು ಜನ ಮುಂದೆ ಮುಂದೆ ನೂಕಿ ಡ್ರೈವರನ ಪಕ್ಕಕ್ಕೆ ತಂದು ನಿಲ್ಲಿಸಿದರು. ಪರಿಚಯವಿಲ್ಲದ ಡ್ರೈವರು, ಆದರೆ ನನ್ನ ಗುರುತು ಅವರಿಗಿತ್ತು. "ಅಕ್ಕೋರೇ, ಆ ಕಂಬಿ ಗಟ್ಟಿ ಹಿಡ್ಕಣಿ" ಎಂದರು.

ಇಷ್ಟು ವರ್ಷ ಡ್ರೈವರನ ಹೆಂಡತಿಯಾಗಿಯೂ ನಾನು ಅಲ್ಲಿ ನಿಂತು ರಸ್ತೆ ನೋಡಿದವಳಲ್ಲ. ಎಲ್ಲವೂ ಕೆಳಗೆ ಕಾಣುತ್ತದೆ. ಸೈಕಲ್ಲಿನವರು, ಕೊಡೆಗಳು, ಸೇತುವೆಯ ತಡೆಗೋಡೆಯಾಚೆ ಶರಾವತಿ. ಹೊನ್ನಾವರ ದಾಟಿತು. ಮಳೆಯಲ್ಲಿ ತೊಳೆದ ರಸ್ತೆ ಬೂದಿ ಬಣ್ಣಕ್ಕೆ ಹೊಳೆಯುತ್ತಿತ್ತು. ಬಸ್ಸು ಆ ಏರನ್ನು ಹತ್ತತೊಡಗಿತು. ಏರಿನ ತುದಿಗೆ ಇನ್ನೇನು ಬರಬೇಕು, ಅಷ್ಟರಲ್ಲಿ ಎಡದಿಂದ ಒಂದು ದೋಣಿ ರಸ್ತೆಗೆ ಬಂತು. ಕಪ್ಪು ದೋಣಿ, ಮೂತಿ ಎತ್ತಿಕೊಂಡು, ರಸ್ತೆಯನ್ನು ಅಡ್ಡ ದಾಟತೊಡಗಿತು.

"ನಿಲ್ಸಿ, ನಿಲ್ಸಿ! ದೋಣಿ! ದೋಣಿ ಬಂತು!"

ಕೂಗಿದ್ದು ನಾನೇ. ಇಡೀ ಬಸ್ಸಿಗೆ ಕೇಳುವ ಹಾಗೆ, ಶಾಲೆಯ ದನಿಯಲ್ಲಿ. ಡ್ರೈವರನ ಕಾಲು ನನ್ನ ಕೂಗಿಗೆ ಮೊದಲೇ ಬ್ರೇಕಿನ ಮೇಲಿತ್ತು. ಬಸ್ಸು ನಿಧಾನವಾಗಿ ತುದಿ ಹತ್ತಿತು. ಹತ್ತಿದೊಡನೆ ರಸ್ತೆ ಎಡಕ್ಕೆ ತಿರುಗಿತು, ಹೊಳೆ ಬಲಕ್ಕೆ ಬೇರೆಯಾಯಿತು. ಆಚೆ ತುಂಬಿದ ಹೊಳೆಯಲ್ಲಿ ದೋಣಿ ತನ್ನ ಪಾಡಿಗೆ ಹೋಗುತ್ತಿತ್ತು. ಮರುಕ್ಷಣ ಅದೂ ತೆಂಗಿನ ಸಾಲಿನ ಹಿಂದೆ ಮರೆಯಾಯಿತು.

ಡ್ರೈವರು ನಕ್ಕರು. "ಹೆದ್ರಬೇಡಿ ಅಕ್ಕೋರೇ. ಹೊಳೆ ದೋಣಿ ಅದು. ಈ ಏರಲ್ಲಿ ನಮ್ಮ ಸೀಟಿಂದ ನೋಡಿದ್ರೆ ಹೊಳೆ, ರಸ್ತೆ ಎಲ್ಲ ಒಂದೇ ಆತದೆ. ಮಳೆ ಬಂದ್ರಂತೂ ಕೇಳೂದೇ ಬೇಡ. ಹಿಂದೆ ಕೂತವ್ರಿಗೆ ಕಾಣೂದಿಲ್ಲ. ಇಲ್ಲಿ ಬ್ರೇಕ್ ಮುಟ್ಟದ ಡ್ರೈವರ್ ಯಾರಿದ್ದಾರೆ ಹೇಳಿ?"

ನಾನು ಅವರ ಕಡೆ ತಿರುಗಿದೆ. "ಹಾಂಗಾರೆ ಆವತ್ತು ನೀವ್ಯಾರೂ ಯಾಕೆ ಹೇಳ್ಲಿಲ್ಲ?"

"ಹೇಳಿ ದೋಣಿ ಡ್ರೈವರ್ ಅನ್ನಿಸ್ಕಳೂದಾ?"

ಹಿಂದೆ ಆಗಲೇ ನಗು ಶುರುವಾಗಿತ್ತು. "ದೋಣಿ ಡ್ರೈವರಿಗೆ ಜೋಡಿ ಸಿಕ್ತು" ಎಂದು ಯಾರೋ ಹೇಳಿದರು. ಬಸ್ಸು ಮತ್ತೂ ನಕ್ಕಿತು. ಆ ನಗುವಿನ ನಡುವೆ, ಜನರನ್ನು ಸರಿಸಿಕೊಂಡು, ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತ ನಮ್ಮನೆಯವರು ಮುಂದೆ ಬಂದರು. ನನ್ನ ಮುಖವನ್ನೇ ನೋಡಿದರು.

"ಹೊತ್ತವರು ಕಂಡ್ರಾ?" ಎಂದು ಕೇಳಿದರು.

"ಇಲ್ಲ" ಎಂದೆ. "ದೋಣಿ ಮಾತ್ರ ಕಂಡದ್ದು."

ಅವರು ತಲೆಯಾಡಿಸಿದರು. ಆಮೇಲೆ ಹಿಂದಿನ ಸೀಟಿಗೆ ಹೋಗಲಿಲ್ಲ. ಶಿರಾಲಿ ಬರುವವರೆಗೂ ನನ್ನ ಪಕ್ಕದಲ್ಲಿ ಕಂಬಿ ಹಿಡಿದು, ರಸ್ತೆ ನೋಡುತ್ತ ನಿಂತಿದ್ದರು.